ಅವ್ವ ಸೀರೆ ಕೇಳುತ್ತ ನಡೆದ ಚಳಿಗಾಲ

ನಾನು ಐದನೇ ತರಗತಿಯಲ್ಲಿದ್ದ ಆ ದಿನಗಳಲ್ಲಿ, ಬಳ್ಳಾರಿಯ ಕೌಲ್ ಬಜಾರಿನ ನಮ್ಮ ಓಣಿಗೆ ಬೆಳಗು ತರುತ್ತಿದ್ದುದು ಹೊಲಿಗೆ ಯಂತ್ರಗಳು. ಮೊದಲು ಮೂಲೆಮನೆಯ ಮಾಬುನ್ನಿ ಚಾಚಿಯ ಯಂತ್ರ ಶುರುವಾಗುತ್ತಿತ್ತು, ಅದಕ್ಕೆ ಉತ್ತರ ಕೊಟ್ಟ ಹಾಗೆ ನಮ್ಮವ್ವನದು, ಆಮೇಲೆ ಎದುರುಸಾಲಿನ ಎಲ್ಲರದೂ. ಓಣಿಯ ಅರ್ಧಕ್ಕರ್ಧ ಮನೆಗಳು ಜೀನ್ಸ್ ಪ್ಯಾಂಟಿನ ಮೇಲೆ ಬದುಕುತ್ತಿದ್ದವು. ಒಬ್ಬರು ಜೇಬು ಹೊಲಿದರೆ ಇನ್ನೊಬ್ಬರು ಗುಂಡಿ ಹಾಕುತ್ತಿದ್ದರು, ಮುದುಕಿಯರು ಕಟ್ಟೆಯ ಮೇಲೆ ಕೂತು ಉಳಿದ ದಾರ ಕತ್ತರಿಸುತ್ತಿದ್ದರು. ಬೆಲ್ಟು ತೂರಿಸುವ ಪಟ್ಟಿ ಹೊಲಿಯುವುದು ಅವ್ವನ ಪಾಲಿನ ಕೆಲಸ. ಹೊಸ ಬಟ್ಟೆಯ ಗಂಜಿ, ಯಂತ್ರದ ಎಣ್ಣೆ, ಒಲೆಯ ಮೇಲಿನ ಜೋಳದ ರೊಟ್ಟಿ ಮೂರೂ ಸೇರಿದ ಒಂದು ವಾಸನೆ ನಮ್ಮ ಮನೆಗಿತ್ತು. ಅವ್ವನ ಬೆರಳ ತುದಿಗಳು ಯಾವಾಗಲೂ ನೀಲಿ. ಎಷ್ಟು ತಿಕ್ಕಿದರೂ ಆ ಬಣ್ಣ ಹೋಗುತ್ತಿರಲಿಲ್ಲ.

ಅವ್ವನ ಹೆಸರು ನೀಲಮ್ಮ. "ಹೆಸರಿಗೆ ತಕ್ಕ ಬಣ್ಣ" ಎಂದು ಅಜ್ಜಿ ನಗುತ್ತಿದ್ದಳು. ಅಜ್ಜಿ ಎಂದರೆ ಅಪ್ಪನ ತಾಯಿ, ನಮ್ಮ ಜೊತೆಗೇ ಇದ್ದಳು. ಅಪ್ಪ ಬಸ್ ಕಂಡಕ್ಟರ್. ಬಳ್ಳಾರಿಯಿಂದ ಕುರುಗೋಡಿನ ಮೇಲೆ ಸಿರುಗುಪ್ಪಕ್ಕೆ ಹೋಗಿಬರುವ ಬಸ್ಸು ಅವನದು. ಐದು ವರ್ಷದ ತಮ್ಮ ಮಂಜು ಒಬ್ಬ. ಇಷ್ಟು ಜನರ ಅಡುಗೆ, ನೀರು, ಬಟ್ಟೆ ಮುಗಿಸಿ, ಜೀನ್ಸಿನ ಕಟ್ಟು ಹೊಲಿದುಕೊಟ್ಟು, ಮಧ್ಯಾಹ್ನದ ಮೇಲೆ ಅವ್ವ ಹಳೆಯ ಬಟ್ಟೆಗಳನ್ನು ಪದರಾಗಿ ಜೋಡಿಸಿ ಕೌದಿ ಹೊಲಿಯಲು ಕೂರುತ್ತಿದ್ದಳು. ಓಣಿಯಲ್ಲಿ ಯಾರೇ ಹಡೆಯಲಿ, ಕೂಸಿಗೊಂದು ಕೌದಿ ಅವ್ವನ ಕೈಯದೇ ಆಗಬೇಕಿತ್ತು. ನನ್ನ ಜಡೆ ಹಾಕುವಾಗ ಮಾತ್ರ ಅವಳ ಒಂದು ಕಾಲು ಯಂತ್ರದ ಪೆಡಲಿನ ಮೇಲೇ ಇರುತ್ತಿತ್ತು. ಎಲ್ಲರಿಗೂ ಸಿಗುವ ಅವ್ವ ನನಗೆ ಅರ್ಧ ಮಾತ್ರ ಸಿಗುತ್ತಾಳೆ ಎಂಬ ಸಿಟ್ಟು ನನಗೆ ಸದಾ ಇತ್ತು.

ಆ ವರ್ಷ ದೀಪಾವಳಿ ಮುಗಿದ ಮೇಲೆ ಅವ್ವನ ಸಣ್ಣಮ್ಮ ಸಿರುಗುಪ್ಪದಿಂದ ಬಂದಳು. ಆಕೆ ಅಲ್ಲಿ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದಳು. ದುಡಿಯಲು ಊರು ಬಿಟ್ಟು ಹೋದವರ ಮಕ್ಕಳಿಗಾಗಿ ಯಾರೋ ಪುಣ್ಯಾತ್ಮರು ನಡೆಸುತ್ತಿದ್ದ ಚಿಕ್ಕ ಹಾಸ್ಟೆಲ್ ಅದು. ಅವ್ವ ಹಚ್ಚಿಕೊಟ್ಟ ಒಗ್ಗಾಣಿ ತಿನ್ನುತ್ತ, ಮಿರ್ಚಿ ಮುರಿಯುತ್ತ ಸಣ್ಣಮ್ಮ ಹೇಳಿದಳು:

"ಇನ್ನೂ ಕಾರ್ತೀಕ ಇದು. ಪುಷ್ಯದಾಗ ನೋಡ್ಬೇಕು ನೀಲಾ ಆ ಹುಡುಗ್ಯಾರನ್ನ. ಕಾಲುವಿ ನೀರಿನ ಸೀಮಿ, ಮುಂಜಾನಿ ಹಲ್ಲು ಕಟಕಟ ಅಂತಾವ. ಒಂದ ಚಾದರದಾಗ ಇಬ್ಬಿಬ್ಬರು ಮಲಗ್ತಾರ. ಹುಲಿಗೆಮ್ಮ ಅಂತ ಒಬ್ಬಾಕಿ ಅದಾಳ, ನಿನ್ನ ಮಗಳ ವಾರಿಗೀನ. ನಾ ಒಲಿ ಆರಿಸಿದ ಮ್ಯಾಲ ಬಂದು ಒಲಿ ಬಾಜೂಕ ಮಲಗಿರ್ತಾಳ. ಎದ್ರ ತಲಿ ತುಂಬ ಬೂದಿ."

ಅವ್ವನ ಸೂಜಿ ನಿಂತಿತು. "ಎಷ್ಟು ಮಂದಿ ಹುಡುಗ್ಯಾರು?"

"ಮೂವತ್ತು."

ಮರುದಿನವೇ ಜೀನ್ಸ್ ಕತ್ತರಿಸುವ ಕಡೆಯಿಂದ ತುಂಡುಬಟ್ಟೆಯ ಚೀಲಗಳು ಮನೆಗೆ ಬರತೊಡಗಿದವು. ಮೂವತ್ತು ಕೌದಿಗಳ ಹೊಟ್ಟೆ ತುಂಬಲು ಅಷ್ಟು ಸಾಕು. ಆದರೆ ಜೀನ್ಸ್ ಮೈಗೆ ಒರಟು. ಮೇಲೂ ಕೆಳಗೂ ಮೆತ್ತನೆಯ ನೂಲಿನ ಸೀರೆ ಬೇಕು. ಅವ್ವ ಓಣಿಯ ಮನೆಮನೆಗೆ ಹೋಗಿ ಕೇಳಿದಳು. ಸಿಕ್ಕಿದ್ದು ಎಂಟೋ ಒಂಬತ್ತೋ, ಅದರಲ್ಲೂ ನೈಲಾನಿನವೇ ಹೆಚ್ಚು.

ಆಗ ಅವ್ವನಿಗೆ ನಡೆಯುವ ವಿಚಾರ ಬಂತು. ಬಳ್ಳಾರಿಯಿಂದ ಕುರುಗೋಡು, ಅಲ್ಲಿಂದ ತೆಕ್ಕಲಕೋಟೆ, ಸಿರುಗುಪ್ಪ. ನಾಲ್ಕು ದಿನ ನಡೆಯುವುದು, ದಾರಿಯ ಊರುಗಳಲ್ಲಿ ಹಳೆಯ ಸೀರೆ ಕೇಳುವುದು. ಮಾಬುನ್ನಿ ಚಾಚಿ ಮೊದಲು ಒಪ್ಪಿದಳು. ಅವಳ ಹಿಂದೆ ಇನ್ನೂ ನಾಲ್ವರು.

ರಾತ್ರಿ ಊಟದ ಹೊತ್ತಿಗೆ ಅಪ್ಪ ಸಿಡಿಮಿಡಿಗೊಂಡ. "ನಾ ದಿನಾ ಮಂದಿಗಿ ಹತ್ರಿ ಹತ್ರಿ ಅಂತ ಕೂಗೋದು, ನನ್ನ ಹೇಣ್ತಿ ಅದ ದಾರ್ಯಾಗ ನಡಕೊಂತ ಹೋಗೋದು. ಡಿಪೋದಾಗ ಮುಖ ಹೆಂಗ ತೋರ್ಸಲಿ? ಬೇಕಂದ್ರ ಬಸ್ಸಿನ್ಯಾಗ ಕುಂತು ಹೋಗಿ ಕೇಳ್ರಿ."

"ನಿಮ್ಮ ಬಸ್ಸು ಮನಿ ಮನಿ ಮುಂದ ನಿಂದರತೈತೇನ್ರಿ?" ಎಂದಳು ಅವ್ವ, ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತ. "ಬಸ್ಸಿಳಿದು ಕೇಳಿದ್ರ ಬೇಡಾಕ ಬಂದೋರು ಅಂತಾರ. ನಡಕೊಂತ ಹೋಗಿ ಕೇಳಿದ್ರ ಮೊದಲ ನೀರು ಕೊಡ್ತಾರ, ಆಮ್ಯಾಲ ಕುಂಡ್ರು ಅಂತಾರ. ಕುಂತ ಮ್ಯಾಲ ಸೀರಿ ಬರತೈತಿ."

ಅಪ್ಪ ತಟ್ಟೆಯಲ್ಲಿ ಕೈ ತೊಳೆದು ಎದ್ದುಹೋದ.

ಅವನದು ಅಷ್ಟಕ್ಕೆ ಮುಗಿಯಿತು. ನನ್ನದು ಮುಗಿಯಲಿಲ್ಲ. ಶಾಲೆಯಲ್ಲಿ ಮಕ್ಕಳ ದಿನಾಚರಣೆಗೆ ನಾಟಕವಿತ್ತು, ಅದರಲ್ಲಿ ನಾನು ರಾಣಿ. ಟೀಚರ್ ರಟ್ಟಿಗೆ ಬಂಗಾರದ ಕಾಗದ ಅಂಟಿಸಿ ಕಿರೀಟ ಮಾಡಿದ್ದರು. ನೋಡಲು ಬರುತ್ತೇನೆಂದು ಅವ್ವ ಎಂದೋ ಮಾತು ಕೊಟ್ಟಿದ್ದಳು. ಎರಡು ದಿನ ಮೊದಲು ತಿಳಿಯಿತು, ಅವರೆಲ್ಲ ಹೊರಡುವುದು ಅದೇ ಬೆಳಿಗ್ಗೆ.

"ಅವತ್ತ ನನ್ನ ನಾಟಕ ಐತಿ," ಎಂದೆ.

ಪೆಡಲು ನಿಂತಿತು. "ಅಯ್ಯ ಶಿವನ. ಅವತ್ತೇನು?" ಅವ್ವ ನಿಜಕ್ಕೂ ಮರೆತಿದ್ದಳು. ಅದನ್ನೇ ನನಗೆ ತಡೆಯಲಾಗಲಿಲ್ಲ.

"ನಿನಗ ಆ ಹಾಸ್ಟೆಲ್ ಹುಡುಗ್ಯಾರ ಮಕ್ಕಳು. ನಾ ಯಾರು?"

ಅಜ್ಜಿ ಅಡಿಕೆ ಕತ್ತರಿಸುವುದನ್ನು ಬಿಟ್ಟು ನನ್ನ ಕಡೆ ನೋಡಿದಳು. ಅವ್ವ ಹಲ್ಲಿನಿಂದ ದಾರ ಕಡಿದು ಇನ್ನೊಂದು ಪಟ್ಟಿ ಕೈಗೆತ್ತಿಕೊಂಡಳು. ಆ ರಾತ್ರಿ ನಾನು ಉಣ್ಣದೆ ಮಲಗಿದೆ.

ನಾಟಕದ ದಿನ ನಸುಕಿನಲ್ಲಿ ಓಣಿಯಲ್ಲಿ ಗಲಗಲ ಕೇಳಿಸಿತು. ಕಿಟಕಿಯಿಂದ ನೋಡಿದರೆ ಹೆಂಗಸರು ಬುತ್ತಿಗಂಟು ಹಿಡಿದು ಹೊರಟಿದ್ದರು, ಬೆಳಕು ಮಸುಕಾಗಿತ್ತು. ಅವ್ವ ಅಡುಗೆಮನೆಯಲ್ಲೂ ಇರಲಿಲ್ಲ, ಯಂತ್ರದ ಮುಂದೆಯೂ ಇರಲಿಲ್ಲ. ಅಜ್ಜಿ ತನ್ನ ಹಳೆಯ ರೇಷ್ಮೆ ಸೀರೆಯನ್ನು ಮಡಿಚಿ ನನಗೆ ಉಡಿಸಿ ಶಾಲೆಗೆ ಕರೆದೊಯ್ದಳು. ಟೀಚರ್ ಮುಖಕ್ಕೆ ಬಣ್ಣ ಬಳಿದರು. ವೇದಿಕೆಯ ಮೇಲೆ ಹೋಗಿ ನಿಂತೆ. "ಪ್ರಜೆಗಳೇ" ಎಂದೆ, ಮುಂದಿನದು ಬರಲಿಲ್ಲ. ಪರದೆಯ ಹಿಂದಿನಿಂದ ಟೀಚರ್ ಪಿಸುಗುಡುತ್ತಿದ್ದರು, ನನಗೆ ಕೇಳಿಸುತ್ತಿರಲಿಲ್ಲ. ಕಣ್ಣು ತುಂಬಿ ಬರುವಷ್ಟರಲ್ಲಿ ಹಿಂದಿನ ಬೇವಿನ ಮರದ ಕೆಳಗೆ ಅವ್ವ ಕಂಡಳು. ಹೆಗಲಿಗೆ ಬಟ್ಟೆಯ ಚೀಲ, ಬಾಯಿಯ ಮೇಲೆ ನೀಲಿ ಬೆರಳುಗಳು. ನನಗಿಂತ ಅವಳೇ ಹೆಚ್ಚು ಹೆದರಿದ್ದಳು.

"ನಿಮಗೇನು ಬೇಕು, ಕೇಳಿರಿ," ಎಂದು ನನ್ನ ಮಾತು ಮುಗಿಸಿದೆ. ಅದೂ ಎಷ್ಟು ಜೋರಾಗಿ ಎಂದರೆ ಮುಂದಿನ ಸಾಲಿನ ಮಕ್ಕಳು ಕಿಸಕ್ಕನೆ ನಕ್ಕರು.

ನಾಟಕ ಮುಗಿದ ಕೂಡಲೇ ಓಡಿದೆ. "ನೀ ಹೋಗ್ಲಿಲ್ಲೇನು?"

"ಅವರು ಹೋಗ್ಯಾರ. ನಾ ಊರ ಹೊರಗಿನ ಮಟ ಕಳಿಸಿ ಬಂದೆ. ಈಗ ಹೋಗ್ತೀನಿ, ಹೊತ್ತು ಮುಳುಗೋದ್ರಾಗ ಕೂಡ್ಕೋತೀನಿ."

"ಒಬ್ಬಾಕಿನ?"

"ಮತ್ತ ಯಾರು ಬರ್ತಾರ?"

ನಾನು ಅವಳ ಸೆರಗು ಹಿಡಿದುಕೊಂಡೆ. ಅವ್ವ ಅಜ್ಜಿಯ ಮುಖ ನೋಡಿದಳು. "ಕರಕೊಂಡು ಹೋಗವ್ವ," ಎಂದಳು ಅಜ್ಜಿ. "ಬಿಟ್ಟು ಹೋದ್ರ ನಾಕು ದಿನ ನನ್ನ ತಲಿ ತಿಂತಾಳ. ಮಂಜುನ್ನ ನಾ ನೋಡ್ಕೋತೀನಿ."

ರೇಷ್ಮೆ ಸೀರೆ ಬಿಚ್ಚಿಕೊಟ್ಟು ಲಂಗ ತೊಟ್ಟೆ. ಮುಖ ತೊಳೆಯಲು ಅವ್ವ ಹೊತ್ತು ಕೊಡಲಿಲ್ಲ. ಕಿರೀಟ ತೆಗೆಯಲು ನನಗೇ ಮನಸ್ಸಿರಲಿಲ್ಲ. ಹಾಗೆ ಗಲ್ಲಕ್ಕೆ ಕೆಂಪು, ಹುಬ್ಬಿಗೆ ಕಪ್ಪು ಬಳಿದುಕೊಂಡೇ ನಾನು ಬಳ್ಳಾರಿ ಬಿಟ್ಟೆ.

ಸಂಗನಕಲ್ಲಿನ ಗುಡ್ಡಗಳು ಬಿಸಿಲಿಗೆ ಕೆಂಪಗೆ ನಿಂತಿದ್ದವು. ಆ ಕಡೆಯ ಗುಡ್ಡದಲ್ಲಿ ಕಲ್ಲಿಂದ ಬಡಿದರೆ ಗಂಟೆಯ ಹಾಗೆ ಸದ್ದು ಮಾಡುವ ಬಂಡೆಗಳಿವೆ ಎಂದು ಅವ್ವ ಹೇಳಿದಳು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದರೆ, "ಯಾವಾಗ ಹೇಳ್ಲಿ? ಯಂತ್ರ ಬಿಡ್ತೈತೇನು?" ಎಂದಳು. ಅವಳ ಎರಡೂ ಕಾಲು ನನ್ನ ಜೊತೆಗಿದ್ದದ್ದು ನನಗೆ ನೆನಪಿರುವಂತೆ ಅಂದೇ ಮೊದಲು. ತಾನು ಚಿಕ್ಕವಳಿದ್ದಾಗ ತವರೂರು ರೂಪನಗುಡಿಯಲ್ಲಿ ಕುಂಟಾಬಿಲ್ಲೆ ಆಡುತ್ತ ಹಲ್ಲು ಮುರಿದುಕೊಂಡದ್ದು, ಆ ಹಲ್ಲನ್ನು ಮಾಳಿಗೆಯ ಮೇಲೆ ಎಸೆದದ್ದು, ಎಲ್ಲ ಹೇಳುತ್ತ ನಡೆದಳು.

ಒಂದು ಊರಿನ ನೀರಿನ ಟಾಕಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ನನ್ನನ್ನು ನೋಡಿ ಕೈ ನಿಲ್ಲಿಸಿದಳು. "ಯಾರವ್ವ ಈ ರಾಣಿ, ಸಾರೋಟಿಲ್ಲದ ಹೊಂಟಾಳ?"

ನನಗೆ ಗೊತ್ತಿದ್ದುದು ಒಂದೇ ಮಾತು. "ಪ್ರಜೆಗಳೇ, ನಿಮಗೇನು ಬೇಕು, ಕೇಳಿರಿ."

ಅವಳು ನಗುತ್ತ ಒದ್ದೆ ಕೈಯಲ್ಲೇ ನಮಸ್ಕಾರ ಮಾಡಿದಳು. "ನಮಗೇನೂ ಬ್ಯಾಡ ತಾಯಿ. ನಿನಗೇನು ಬೇಕು ಹೇಳು."

"ಸೀರಿ. ಹಳೇದು. ನೂಲಿಂದು," ಎಂದೆ.

ಅವ್ವ ಮುಂದೆ ಬಂದು ಹಾಸ್ಟೆಲಿನ ವಿಷಯ ಹೇಳಿದಳು. ನೀರು ಬಂತು, ಬೆಲ್ಲ ಬಂತು, ಅವ್ವ ಹೇಳಿದ ಹಾಗೆಯೇ ಕುಂಡರ್ರಿ ಎಂಬ ಮಾತೂ ಬಂತು. ಆ ಕೇರಿಯಲ್ಲೇ ಐದು ಸೀರೆ ಸಿಕ್ಕವು. ಬೆಳಿಗ್ಗೆ ಮಾಬುನ್ನಿ ಚಾಚಿಯವರು ಇದೇ ಹಾದಿಯಲ್ಲಿ ಹೋಗಿದ್ದರಂತೆ. ಆಗ ಇಲ್ಲ ಎಂದಿದ್ದ ಮನೆಯೊಂದರವರೂ ರಾಣಿಯನ್ನು ನೋಡಲು ಬಂದು ಒಂದು ಸೀರೆ ತಂದರು.

ಮುಂದೆ ಹತ್ತಿ ಹೊಲದ ಬದುವಿನಲ್ಲಿ ಕೂತಿದ್ದ ಮುದುಕಿಯೊಬ್ಬಳು ನಮ್ಮನ್ನು ತನ್ನ ಗುಡಿಸಲಿಗೆ ಕರೆದಳು. ಕನ್ನಡ, ತೆಲುಗು ಬೆರೆಸಿ ಮಾತಾಡುತ್ತಿದ್ದಳು. ಟ್ರಂಕಿನ ತಳದಿಂದ ಹಳದಿ ಸೀರೆಯೊಂದನ್ನು ತೆಗೆದು ಮೂಸಿ ನೋಡಿದಳು. "ನಾ ಬಿಡ್ಡದಮ್ಮಾ, ನನ್ನ ಮಗಳದು. ಬಾಣಂತನದಾಗ ಉಟ್ಟಿದ್ಲು. ಕೂಸೂ ಇಲ್ಲ, ಆಕೀನೂ ಇಲ್ಲ," ಎಂದಳು. ಕೊಡಲು ಕೈ ಚಾಚಿದಳು, ಮತ್ತೆ ಹಿಂದಕ್ಕೆ ತೆಗೆದುಕೊಂಡಳು. ಅವ್ವ ಕೇಳಲಿಲ್ಲ, ಬೇಡವೆನ್ನಲೂ ಇಲ್ಲ. ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತು, ಮಗಳ ಹೆಸರೇನು, ಯಾವ ಊರಿಗೆ ಕೊಟ್ಟಿದ್ದಿರಿ ಎಂದೆಲ್ಲ ವಿಚಾರಿಸಿದಳು. ಹೊತ್ತು ಇಳಿಯುತ್ತಿತ್ತು. ನಾನು ಸೆರಗು ಜಗ್ಗಿದೆ, ಅವ್ವ ಏಳಲಿಲ್ಲ. ಕೊನೆಗೆ ಮುದುಕಿಯೇ ಸೀರೆಯನ್ನು ಅವ್ವನ ಮಡಿಲಿಗಿಟ್ಟಳು. "ಸಣ್ಣ ಹುಡುಗೀಗಿ ಹೊಚ್ಚು," ಎಂದಳು.

ಆ ಗುಡಿಸಲಿನಲ್ಲಿ ಕಳೆದ ಹೊತ್ತನ್ನು ತುಂಬಿಕೊಳ್ಳಲು ಅವ್ವ ಬೇಗಬೇಗ ನಡೆದಳು. ಹಾಗೆ ನಡೆಯುವಾಗ ಅವಳ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಪಿನ್ನು ಹಾಕಿದಳು, ಅದೂ ನಿಲ್ಲಲಿಲ್ಲ. ಬರಿಗಾಲಿನಲ್ಲಿ ಹೊರಟವಳು ಸ್ವಲ್ಪ ಹೊತ್ತಿಗೆ ಕುಂಟತೊಡಗಿದಳು. ಎರಡು ಹೆಗಲಿಗೂ ಸೀರೆಯ ಗಂಟು, ನನ್ನ ಕಾಲಲ್ಲೂ ಗುಳ್ಳೆ ಎದ್ದಿತ್ತು. ಆಗ ಹಿಂದಿನಿಂದ ಬಸ್ಸಿನ ಹಾರ್ನ್ ಕೇಳಿತು. ಬಸ್ಸು ನಮ್ಮನ್ನು ದಾಟಿ ಮುಂದೆ ನಿಂತಿತು. ಬಾಗಿಲಲ್ಲಿ ಅಪ್ಪ.

ಕಿಟಕಿಗಳಿಂದ ತಲೆಗಳು ಹೊರಬಂದವು. ಅಪ್ಪ ಇಳಿದು ಬಂದು ಅವ್ವನ ಕಾಲು ನೋಡಿದ, ಆಮೇಲೆ ನನ್ನ ಕಿರೀಟ ನೋಡಿದ.

"ಹತ್ತು," ಎಂದ ಮೆಲ್ಲಗೆ. "ನಿಮ್ಮವರು ಮುಂದಿನ ಊರಾಗ ಗುಡಿ ಕಟ್ಟಿ ಮ್ಯಾಲ ಕುಂತಾರ, ಹಿಂದಿನ ಟ್ರಿಪ್ಪಿನ್ಯಾಗ ನೋಡೀನಿ. ಅಲ್ಲಿ ಇಳಿಸ್ತೀನಿ. ಯಾರಿಗಿ ಗೊತ್ತಾಕ್ಕೈತಿ?"

"ಇಕೀಗಿ ಗೊತ್ತಾಕ್ಕೈತಿ," ಎಂದಳು ಅವ್ವ, ನನ್ನ ಕಡೆ ತೋರಿಸಿ. "ನಡಕೊಂತ ಬಂದೀವಿ ಅಂತ ಹೇಳಿ ಸೀರಿ ಇಸಗೊಂಡೀವ್ರಿ. ಸುಳ್ಳು ಆಗಬಾರ್ದು."

ಯಾರೋ ಬಸ್ಸಿನೊಳಗಿನಿಂದ, "ಕಂಡಕ್ಟರ್ ಸಾಬ್ರ, ಹೊತ್ತಾತು," ಎಂದರು. ಡಿಪೋದಲ್ಲಿ ಮುಖ ಹೇಗೆ ತೋರಿಸಲಿ ಎಂದಿದ್ದ ಅಪ್ಪ ಅಷ್ಟು ಜನರ ಎದುರಿಗೆ ಬಗ್ಗಿ, ತನ್ನ ಕಾಲಿನ ಚಪ್ಪಲಿ ಬಿಚ್ಚಿ, ಅವ್ವನ ಕಾಲ ಮುಂದೆ ಇಟ್ಟ. ಮುಂದಕ್ಕೊಂದು ಹಿಂದಕ್ಕೊಂದು ಸೀರೆಗಂಟು ಹೊತ್ತುಕೊಂಡ. "ಲಗೇಜಿನ ಟಿಕೇಟು ನಾ ಹರ್ಕೋತೀನಿ," ಎಂದು ನನಗೆ ಕಣ್ಣು ಹೊಡೆದು ಬರಿಗಾಲಿನಲ್ಲಿ ಬಸ್ಸು ಹತ್ತಿ ಸೀಟಿ ಊದಿದ. ಆ ಸಂಜೆ ಸಿರುಗುಪ್ಪದ ತನಕ ಹಾಗೇ ಟಿಕೇಟು ಕೊಟ್ಟನಂತೆ. ಅವನ ದೊಡ್ಡ ಚಪ್ಪಲಿಯಲ್ಲಿ ಅವ್ವ ಟಪ್ ಟಪ್ ಎಂದು ಸದ್ದು ಮಾಡುತ್ತ ನಡೆದಳು. ನಡೆಯುತ್ತ ಒಮ್ಮೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಕಾಲು ನೋಯುತ್ತಿದೆಯೇನೋ ಎಂದುಕೊಂಡೆ.

ಮುಂದಿನ ಊರಿನಲ್ಲಿ ಮಾಬುನ್ನಿ ಚಾಚಿ ಕೊಬ್ಬರಿ ಎಣ್ಣೆ ಹಚ್ಚಿ ನನ್ನ ಮುಖದ ಬಣ್ಣ ತೆಗೆದಳು. ಮರುದಿನ ಕುರುಗೋಡು ಮುಟ್ಟಿದೆವು. ದೊಡ್ಡ ಬಸವಣ್ಣನ ಮುಂದೆ ನಿಂತಾಗ ನನ್ನ ಕಾಲು ಊದಿ ನೆಲಕ್ಕೆ ಊರಲಾಗುತ್ತಿರಲಿಲ್ಲ. ಅವ್ವ ನನ್ನನ್ನು ಗಂಟುಗಳ ಜೊತೆ ಅಪ್ಪನ ಬಸ್ಸಿಗೆ ಹತ್ತಿಸಿ ಸಣ್ಣಮ್ಮನ ಹತ್ತಿರ ಕಳಿಸಿದಳು. ಈ ಸಲ ನಾನು ಸೆರಗು ಹಿಡಿಯಲಿಲ್ಲ.

ಹಾಸ್ಟೆಲಿನಲ್ಲಿ ಎರಡು ದಿನ ಇದ್ದೆ. ಸಣ್ಣಮ್ಮ ಹೇಳಿದ ಹುಲಿಗೆಮ್ಮ ನನಗಿಂತ ಕುಳ್ಳಗಿದ್ದಳು. ಚಪ್ಪಟೆ ಕಲ್ಲಿನಲ್ಲಿ ಗುರಿ ಹಿಡಿಯುವುದರಲ್ಲಿ ಅವಳನ್ನು ಯಾರೂ ಸೋಲಿಸುತ್ತಿರಲಿಲ್ಲ. ನಾನು ಅವಳ ಚಾದರದಲ್ಲೇ ಮಲಗಿದೆ. ನನ್ನ ಕಡೆ ಎಳೆದುಕೊಂಡರೆ ಅವಳ ಬೆನ್ನು ಬಯಲಾಗುತ್ತಿತ್ತು, ಅವಳ ಕಡೆ ಹೋದರೆ ನನ್ನದು. ನಸುಕಿನಲ್ಲಿ ಎಚ್ಚರವಾದಾಗ ಚಾದರ ಪೂರ್ತಿ ನನ್ನ ಮೇಲಿತ್ತು, ಹುಲಿಗೆಮ್ಮ ಪಕ್ಕದಲ್ಲಿರಲಿಲ್ಲ. ಅಡುಗೆಮನೆಗೆ ಹೋಗಿ ನೋಡಿದೆ. ಒಲೆಯ ಬಾಜೂಕ ಮುದುಡಿಕೊಂಡಿದ್ದಳು, ತಲೆಯ ತುಂಬ ಬೂದಿ. ನಾನು ಅವ್ವನಿಗೆ ಅಂದದ್ದು ಆಗ ನೆನಪಾಯಿತು. ಎಬ್ಬಿಸಲು ಧೈರ್ಯ ಬರಲಿಲ್ಲ, ಚಾದರ ತಂದು ಹೊದಿಸಿದೆ.

ನಾಲ್ಕನೆಯ ದಿನ ಮಧ್ಯಾಹ್ನ ಭತ್ತದ ಗದ್ದೆಗಳ ನಡುವಿನ ರಸ್ತೆಯಲ್ಲಿ ಆರು ಹೆಂಗಸರು ಕಾಣಿಸಿದರು. ಎಲ್ಲರ ತಲೆಯ ಮೇಲೂ ಗಂಟು. ಹುಡುಗಿಯರೆಲ್ಲ ಗೇಟಿಗೆ ಓಡಿದರು. ಅವ್ವನ ಮುಖ ಕರ್ರಗಾಗಿತ್ತು, ತುಟಿ ಒಡೆದಿತ್ತು. ಹುಲಿಗೆಮ್ಮ ಗೇಟಿನ ಸರಳು ಹಿಡಿದು ಬಹಳ ಹೊತ್ತು ನೋಡಿದಳು.

"ಇವ್ರು ನಮ್ಮ ಸಲುವಾಗಿ ಬಳ್ಳಾರಿಯಿಂದ ನಡಕೊಂತ ಬಂದಾರೇನು?"

"ಹೂಂ. ಮುಂದಿನಾಕಿ ನಮ್ಮವ್ವ."

"ನಮ್ಮವ್ವ ನಡಕೊಂತ ಹೋಗ್ಯಾಳ," ಎಂದಳು ಹುಲಿಗೆಮ್ಮ. "ನಿಮ್ಮವ್ವ ನಡಕೊಂತ ಬಂದಾಳ."

ಅವಳ ದನಿಯಲ್ಲಿ ಅಳುವಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು, ಅಷ್ಟೆ. ಅವ್ವ ಒಳಗೆ ಬಂದವಳು ಮೊದಲು ನನ್ನನ್ನು ಹುಡುಕಿದಳು. ನಾನು ಹುಲಿಗೆಮ್ಮನ ಕೈ ಹಿಡಿದು ಅವಳನ್ನೇ ಮುಂದಕ್ಕೆ ದೂಡಿದೆ. ಅವ್ವ ಅವಳ ತಲೆಯ ಮೇಲೆ ಕೈಯಿಟ್ಟು, ಕೂದಲಲ್ಲಿ ಬೆರಳಾಡಿಸಿ, ಬೂದಿಯನ್ನು ಸ್ವಲ್ಪ ಸ್ವಲ್ಪವೇ ತೆಗೆಯುತ್ತ ನಿಂತಳು.

ಅಲ್ಲಿಂದ ಸಂಕ್ರಾಂತಿಯವರೆಗೆ ನಮ್ಮ ಓಣಿಯಲ್ಲಿ ಆದದ್ದು ಒಂದು ಹಬ್ಬವೇ. ಮಧ್ಯಾಹ್ನವಾದರೆ ಯಂತ್ರಗಳು ನಿಂತು ಓಣಿಯ ಉದ್ದಕ್ಕೂ ಸೀರೆಗಳು ಹಾಸಿಕೊಳ್ಳುತ್ತಿದ್ದವು. ಒಂದೊಂದು ಕೌದಿಗೆ ನಾಲ್ಕು ಮೂಲೆಯಿಂದ ನಾಲ್ವರು. ಶೇಂಗಾ ಹುರಿದದ್ದು, ಬೆಲ್ಲ, ಮಾಬುನ್ನಿ ಚಾಚಿಯ ಮನೆಯ ಚಹಾ. ಯಾವ ಸೀರೆ ಯಾವ ಊರಿನವಳದು, ಅವಳು ಏನು ಹೇಳಿದಳು ಎಂದು ನಡೆದು ಬಂದ ಆರೂ ಜನ ಹೊಲಿಯುತ್ತ ಹೇಳುತ್ತಿದ್ದರು. ನಡೆಯದವರು ಕೇಳಿ ಕಣ್ಣೊರೆಸಿಕೊಳ್ಳುತ್ತಿದ್ದರು. ಡ್ಯೂಟಿ ಮುಗಿಸಿ ಬಂದ ಅಪ್ಪ ಕಟ್ಟೆಯ ಮೇಲೆ ಕೂತು, ಅಜ್ಜಿಗೆ ಕಾಣದ ಸೂಜಿಗಳಿಗೆ ದಾರ ಪೋಣಿಸಿಕೊಡುತ್ತಿದ್ದ. ನನಗೂ ಅವ್ವ ಒಂದು ಸೂಜಿ ಕೊಟ್ಟಳು. ಆ ಹಳದಿ ಸೀರೆಯ ಕೌದಿಯ ಒಂದು ಅಂಚು ನನ್ನದು. ಹೊಲಿಗೆ ಸೊಟ್ಟಗಾಗಿತ್ತು, ಅವ್ವ ಬಿಚ್ಚಲಿಲ್ಲ. ಸಂಕ್ರಾಂತಿಗೆ ಮೂವತ್ತು ಕೌದಿಗಳನ್ನೂ ಬಸ್ಸಿನ ಮೇಲೆ ಹೇರಿಕೊಂಡು ಹೋದೆವು. ಹಳದಿಯದು ಹುಲಿಗೆಮ್ಮನಿಗೆ ಹೋಯಿತು.

ಹುಲಿಗೆಮ್ಮ ಎರಡು ವರ್ಷ ಅಲ್ಲಿದ್ದಳು. ಒಂದು ಬೇಸಿಗೆ ಅವಳ ತಾಯಿ ಬಂದು ಕರೆದುಕೊಂಡು ಹೋದಳಂತೆ. ಆಮೇಲಿನದು ಗೊತ್ತಿಲ್ಲ. ಮಾಬುನ್ನಿ ಚಾಚಿ ಈಗಿಲ್ಲ, ಅಜ್ಜಿಯೂ ಇಲ್ಲ. ಅಪ್ಪ ನಿವೃತ್ತನಾಗಿದ್ದಾನೆ. ಓಣಿಯಲ್ಲಿ ಜೀನ್ಸ್ ಇನ್ನೂ ಹೊಲಿಯುತ್ತಾರೆ, ಬಾಗಿಲು ಮುಚ್ಚಿಕೊಂಡು, ಅವರವರ ಮನೆಯೊಳಗೆ. ನೂಲಿನ ಸೀರೆ ಉಡುವವರೇ ಕಡಿಮೆ, ಹಳತಾಗುವುದಕ್ಕೆ ಸೀರೆಯಾದರೂ ಎಲ್ಲಿಂದ ಬರಬೇಕು? ಅವ್ವನ ಎರಡೂ ಮೊಣಕಾಲು ಸವೆದಿವೆ. ಪೆಡಲು ತುಳಿಯುವುದನ್ನು ಬಿಟ್ಟು ಬಹಳ ದಿನಗಳಾದವು. ಬೆರಳುಗಳ ನೀಲಿ ಯಾವಾಗ ಹೋಯಿತೋ ನಾನು ಗಮನಿಸಲೇ ಇಲ್ಲ.

ನಾನೀಗ ಬಳ್ಳಾರಿಯಲ್ಲೇ ಟೀಚರ್. ಈಚೆಗೆ ಒಂದು ಭಾನುವಾರ ಊರಿನಲ್ಲಿ ಸಹಾಯಾರ್ಥ ನಡಿಗೆ ಇತ್ತು. ಮೊಬೈಲಿನಲ್ಲಿ ಹೆಸರು ಕೊಟ್ಟು ಹೋದೆ. ಎಲ್ಲರಿಗೂ ಒಂದೇ ಬಣ್ಣದ ಟೀಶರ್ಟು, ಟೋಪಿ, ನೀರಿನ ಬಾಟಲಿ. ಮುಂದೆ ಹಾಡು ಹಾಕಿಕೊಂಡು ಒಂದು ಗಾಡಿ. ಐದು ಕಿಲೋಮೀಟರು ಚೆನ್ನಾಗಿಯೇ ನಡೆದೆ, ಮನೆಗೆ ಬಂದು ಅವ್ವನಿಗೆ ಫೋಟೋ ತೋರಿಸಿದೆ. ಅವಳು ಕನ್ನಡಕ ಏರಿಸಿಕೊಂಡು ಒಂದೊಂದನ್ನೂ ನೋಡಿದಳು. ಮನಸ್ಸಿನಿಂದಲೇ ಖುಷಿಪಟ್ಟಳು.

"ಛಲೋ ಮಾಡಿದಿ," ಎಂದಳು. "ಯಾರ ಮನಿಗಿ ಹೋಗಿ ಮುಟ್ಟಿದ್ರಿ?"

ಮೈದಾನದಿಂದ ಹೊರಟು, ಊರು ಒಂದು ಸುತ್ತು ಹಾಕಿ, ಮತ್ತೆ ಅದೇ ಮೈದಾನಕ್ಕೆ ಬಂದಿದ್ದೆವು. ಫೋಟೋಗಳನ್ನು ಮತ್ತೆ ಮೊದಲಿನಿಂದ ಸರಿಸತೊಡಗಿದೆ. ಅವ್ವ ಮಾತ್ರ ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡುತ್ತಿದ್ದಳು.